ಮಿಲ್ಲಿನ ಫಿಟ್ಟರ್ ಕಂಡುಹಿಡಿದದ್ದು ಯಾರದ್ದು?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್ಲುಗಳಲ್ಲಿ ಹೊಸ ಉಪಾಯ ಹೊಳೆಯುವುದು ಹೆಚ್ಚಾಗಿ ಫಿಟ್ಟರ್‌ಗೇ. ಅದು ಕೆಲಸಕ್ಕೆ ಬಂತು ಅಂದಕೂಡಲೇ ಜಗಳ ಶುರು. "ಮಿಲ್ಲು ನಮ್ದು, ಕಬ್ಣ ನಮ್ದು, ಪಗಾರ ನಮ್ದು, ಅಂದಮ್ಯಾಲ ಅದೂ ನಮ್ದ" ಅಂತಾರೆ ಸಾಹುಕಾರರು. "ತಲಿ ಓಡಿಸಿದ್ದು ನಾನ್ರಿ" ಅಂತಾನೆ ಫಿಟ್ಟರ್. ನನ್ನ ಪ್ರಕಾರ ಇಬ್ಬರೂ ನೋಡಬೇಕಾದ್ದು ಒಂದೇ: ಸಹಿ ಆಗಿರುವ ಕಾಗದ.

1970ರ ಪೇಟೆಂಟ್ ಕಾಯ್ದೆಯಲ್ಲಿ ನೌಕರ ಕಂಡುಹಿಡಿದದ್ದು ತಾನಾಗಿಯೇ ಮಾಲಕರಿಗೆ ಸೇರುತ್ತದೆ ಎನ್ನುವ ಕಲಮೇ ಇಲ್ಲ. ಕಲಂ 6ರ ಪ್ರಕಾರ ಅರ್ಜಿ ಹಾಕುವ ಹಕ್ಕು ನಿಜವಾಗಿ ಮೊದಲು ಕಂಡುಹಿಡಿದವನಿಗೆ, ಇಲ್ಲವೇ ಅವನಿಂದ ಹಕ್ಕು ಬರೆಸಿಕೊಂಡವರಿಗೆ. ಹಾಗಂತ ಹಿಗ್ಗಬೇಡಿ. ನೇಮಕ ಆಗಿದ್ದೇ ಹೊಸ ಯಂತ್ರ ರೂಪಿಸುವುದಕ್ಕೆ ಆಗಿದ್ದರೆ, ಬರಹ ಇಲ್ಲದಿದ್ದರೂ ಮಾಲಕರ ವಾದ ಗಟ್ಟಿ. ರಿಪೇರಿಗೆ ಅಂತ ಇಟ್ಟುಕೊಂಡ ಫಿಟ್ಟರ್‌ನ ಮೇಲೆ ಆ ವಾದ ಅಷ್ಟು ಸುಲಭವಾಗಿ ನಡೆಯದು. ಕಂಪ್ಯೂಟರ್ ಪ್ರೋಗ್ರಾಂ ಬರೆದಿದ್ದರೆ ಲೆಕ್ಕವೇ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 17ರಂತೆ ನೌಕರಿಯ ಭಾಗವಾಗಿ ಬರೆದ ಕೋಡ್, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲಕರದ್ದು. ಪಿಎಲ್‌ಸಿ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಕೂಡಿಸಿದ ಸಾಧನದಲ್ಲಿ ಕಬ್ಬಿಣದ ಭಾಗ ಒಬ್ಬರದ್ದು, ಕೋಡ್ ಇನ್ನೊಬ್ಬರದ್ದು ಆಗುವ ಪೇಚು ಬರುವುದೇ ಇಲ್ಲಿ.

ತೋರಣಗಲ್ಲು, ಗಿಣಿಗೇರಿ ಕಡೆಯಂಥ ದೊಡ್ಡ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಮೊದಲು ನೇಮಕಾತಿ ಪತ್ರ ತೆಗೆದು ಓದಿ. "ಕೆಲಸಕ್ಕೆ ಸಂಬಂಧಿಸಿದ ಆವಿಷ್ಕಾರ" ಎಂದಿದೆಯೋ "ಯಾವುದೇ ಆವಿಷ್ಕಾರ" ಎಂದಿದೆಯೋ? "ಈ ಮೂಲಕ ವರ್ಗಾಯಿಸಿದ್ದೇನೆ" ಎಂದಿದೆಯೋ "ಮುಂದೆ ವರ್ಗಾಯಿಸುತ್ತೇನೆ" ಎಂದಿದೆಯೋ? ಬಹುಮಾನದ ಆಸೆಗೆ ತುಂಬುವ ಕೈಜೆನ್ (ಕೆಲಸ ಸುಧಾರಿಸುವ ಸಲಹೆ) ಫಾರಂನ ಕೊನೆಯ ಸಣ್ಣಕ್ಷರಗಳನ್ನೂ ಓದಿ. ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ಕಂಪನಿ ಪೇಟೆಂಟ್ ಅರ್ಜಿ ಹಾಕುವಾಗ ಫಾರ್ಮ್ 1ಕ್ಕೆ ನಿಮ್ಮ ಸಹಿ ಕೇಳುತ್ತದೆ. ಅದರ ಘೋಷಣೆಯಲ್ಲಿ "ಅರ್ಜಿದಾರರು ನನ್ನಿಂದ ಹಕ್ಕು ಪಡೆದವರು" ಎಂಬ ಅರ್ಥದ ಸಾಲು ಇರುತ್ತದೆ. "ನಿಮ್ಮ ಹೆಸರು ಸಂಶೋಧಕ ಅಂತ ಬರುತ್ತೆ ಸರ್" ಎಂದರೆ ಉಬ್ಬಿ ಸಹಿ ಹಾಕಬೇಡಿ. ಪೇಟೆಂಟ್ ಕಾಯ್ದೆಯ ಕಲಂ 28ರಂತೆ ಬರುವ ಆ ಹೆಸರು ಮರ್ಯಾದೆ ಮಾತ್ರ, ಅದರಿಂದ ಒಡೆತನ ಸಿಗುವುದಿಲ್ಲ.

ಈಗ ಮಿಲ್ಲಿನ ಒಳಗೇ ನೋಡೋಣ. ಭತ್ತ ಸುಲಿಯುವ ಶೆಲ್ಲರ್‌ನಲ್ಲಿ ಎರಡು ರಬ್ಬರ್ ರೋಲ್, ಒಂದು ಜೋರು, ಒಂದು ನಿಧಾನ. ರಬ್ಬರ್ ಸವೆದಂತೆ ನಡುವಿನ ಗ್ಯಾಪ್ ಅಗಲವಾಗಿ ಸುಲಿಯದ ಭತ್ತ ವಾಪಸ್ ಬರುತ್ತದೆ. ಅತಿಯಾಗಿ ಬಿಗಿ ಮಾಡಿದರೆ ರಬ್ಬರ್ ಬೇಗ ಸವೆಯುತ್ತದೆ, ನುಚ್ಚು ಹೆಚ್ಚುತ್ತದೆ. ಮೋಟಾರ್ ಎಳೆಯುವ ಆಂಪ್ಸ್ ನೋಡಿ ಗ್ಯಾಪ್ ತಾನೇ ಸರಿಮಾಡುವ ಜೋಡಣೆಯನ್ನು ಒಬ್ಬ ಫಿಟ್ಟರ್ ಮಾಡಿದ ಎನ್ನಿ. "ಗ್ಯಾಪ್ ತಾನೇ ಸರಿಮಾಡುವ ಸಾಧನ" ಎಂದಷ್ಟೇ ಬರೆದರೆ ಅರ್ಜಿ ಬಿದ್ದಂತೆ, ಗಾಳಿ ಒತ್ತಡದಿಂದ ಅದನ್ನು ಮಾಡುವ ಶೆಲ್ಲರ್ ಆಗಲೇ ಇದೆ. ಇರುವ ಬಿಡಿಭಾಗಗಳನ್ನು ಸುಮ್ಮನೆ ಒಟ್ಟಿಗೆ ಕೂಡಿಸಿದ್ದಕ್ಕೆ ಕಲಂ 3(ಎಫ್)ನಂತೆ ಪೇಟೆಂಟ್ ಸಿಗದು. ಆಂಪ್ಸ್ ಎಷ್ಟು ಏರಿದಾಗ ರೋಲ್ ಎಷ್ಟು ಸರಿಯುತ್ತದೆ, ಭತ್ತ ಕಡಿಮೆ ಬಿದ್ದು ಆಂಪ್ಸ್ ಇಳಿದಾಗ ಯಂತ್ರ ಮೋಸ ಹೋಗದಂತೆ ಏನು ಮಾಡಿದ್ದಾನೆ, ಅದನ್ನು ಚಿತ್ರ ಹಾಕಿ, ಭಾಗಗಳಿಗೆ ನಂಬರ್ ಕೊಟ್ಟು ಬರೆಯಬೇಕು. ಅದಕ್ಕೂ ಮೊದಲು ಪೇಟೆಂಟ್ ಕಚೇರಿಯ ಇನ್‌ಪಾಸ್ ತಾಣದಲ್ಲಿ ಹುಡುಕಿ, ದುಡ್ಡಿಲ್ಲ.

ವಾಟ್ಸ್ಆ್ಯಪ್ ಗ್ರೂಪಿಗೆ ವಿಡಿಯೋ ಹಾಕುವ ಚಪಲ ಅರ್ಜಿ ಹಾಕುವವರೆಗೆ ತಡೆದುಕೊಳ್ಳಿ, ಮೊದಲೇ ಊರಿಗೆಲ್ಲ ತೋರಿಸಿದ್ದು ಹೊಸದು ಎನಿಸಿಕೊಳ್ಳದು. ಯಾವುದೋ ಮೇಳದಲ್ಲಿ ತೋರಿಸಿ ಆಮೇಲೆ ಅರ್ಜಿ ಹಾಕುತ್ತೇನೆಂದರೆ, ಕೇಂದ್ರ ಸರಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಕ್ಕೆ ಮಾತ್ರ 12 ತಿಂಗಳ ರಿಯಾಯಿತಿ. ನಮ್ಮೂರಿನ ಮೇಳಗಳನ್ನು ನಂಬಿ ಕೂರಬೇಡಿ. ಮೊದಲು ಪ್ರೊವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿಬಿಡಿ. ಕರ್ನಾಟಕಕ್ಕೆ ಚೆನ್ನೈ ಕಚೇರಿ. ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಶುಲ್ಕ ₹1,600, ಕಾಗದದಲ್ಲಿ ಕೊಟ್ಟರೆ ₹1,750. 12 ತಿಂಗಳೊಳಗೆ ಪೂರ್ಣ ವಿವರ ಸಲ್ಲಿಸದಿದ್ದರೆ ಅರ್ಜಿ ಸತ್ತಂತೆ. ಕಚೇರಿಯವರು ಅರ್ಜಿ ಪರೀಕ್ಷಿಸಲು ಫಾರ್ಮ್ 18, ಆನ್‌ಲೈನ್‌ನಲ್ಲಿ ₹4,000, ಅದನ್ನು ಮೊದಲ ಅರ್ಜಿಯ ದಿನದಿಂದ 31 ತಿಂಗಳೊಳಗೆ ಕೊಡಬೇಕು. ಹಳೆಯ 48 ತಿಂಗಳ ಲೆಕ್ಕ 2024ರ ತಿದ್ದುಪಡಿಯಲ್ಲಿ ಹೋಯಿತು.

ಸಾಹುಕಾರರಿಗೆ ತಿಳಿಯದಂತೆ ಪಕ್ಕದ ಮಿಲ್ಲಿಗೆ ಮಾರುವುದು ನನಗೆ ಒಪ್ಪಿಗೆಯಿಲ್ಲ. ಅವರ ಕಬ್ಬಿಣ, ಅವರ ವೆಲ್ಡಿಂಗ್ ಮಷೀನ್, ಅವರ ಪಾಳಿಯ ಹೊತ್ತು ಬಳಸಿದ್ದರೆ ಅದೇ ಮುಂದೆ ಕೋರ್ಟಿನಲ್ಲಿ ಅವರ ಸಾಕ್ಷಿ. ಅದರ ಬದಲು ಎರಡು ಪುಟದ ಒಪ್ಪಂದ ಮಾಡಿಕೊಳ್ಳಿ: ಪೇಟೆಂಟ್ ಫಿಟ್ಟರ್ ಹೆಸರಲ್ಲಿ, ಸಾಹುಕಾರರು ತಮ್ಮ ಎಲ್ಲ ಮಿಲ್ಲುಗಳಲ್ಲಿ ಬಿಟ್ಟಿ ಬಳಸಬಹುದು, ಹೊರಗೆ ಮಾರುವ ಹಕ್ಕು ಫಿಟ್ಟರ್‌ನದ್ದು. "ಇಬ್ಬರ ಹೆಸರೂ ಹಾಕೋಣ ಬಿಡು" ಎಂಬ ಸಿಹಿಮಾತಿಗೆ ಮಾತ್ರ ಹೂಂ ಅನ್ನಬೇಡಿ. ಕಲಂ 50ರಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಜಂಟಿ ಒಡೆಯರಲ್ಲಿ ಯಾರು ಬೇಕಾದರೂ ತಾವೇ ತಯಾರಿಸಿ ಮಾರಬಹುದು, ಇನ್ನೊಬ್ಬರಿಗೆ ಲಾಭದ ಲೆಕ್ಕ ಕೊಡಬೇಕಿಲ್ಲ. ಆದರೆ ಲೈಸೆನ್ಸ್ ಕೊಡಲು, ಪಾಲು ಮಾರಲು ಇಬ್ಬರ ಒಪ್ಪಿಗೆಯೂ ಬೇಕು. ವರ್ಕ್‌ಶಾಪ್ ಹಾಕುವ ದುಡ್ಡಿದ್ದವನಿಗೆ ಅದು ಲಾಭ, ಫಿಟ್ಟರ್‌ಗೆ ಕೈ ಕಟ್ಟಿದ ಹಾಗೆ.

ಯಂತ್ರ ತಯಾರಿಸುವ ಕಂಪನಿ ಬಂದು ಇಡಿಗಂಟು ಕೊಡುತ್ತೇನೆಂದರೆ, ಒಂದು ಪೀಸಿಗೆ ಇಷ್ಟು ಎಂಬ ರಾಯಲ್ಟಿಯನ್ನೂ ಕೇಳಿ ನೋಡಿ. ಜೊತೆಗೆ ವರ್ಷಕ್ಕೆ ಕನಿಷ್ಠ ಇಷ್ಟು ಎಂಬ ಮೊತ್ತ, ಬಿಲ್ ಪುಸ್ತಕ ನೋಡುವ ಹಕ್ಕು ಬರೆಸಿ. ಕನಿಷ್ಠ ಮೊತ್ತ ಇಲ್ಲದಿದ್ದರೆ ಅವರು ಹಕ್ಕು ಕೊಂಡು ಕಪಾಟಿನಲ್ಲಿಟ್ಟು ತಮ್ಮ ಹಳೆಯ ಮಾಡೆಲ್ಲೇ ಮಾರಬಹುದು. ಪೂರ್ತಿ ಮಾರುವುದಾದರೆ ಕಲಂ 68ರಂತೆ ಅದು ಬರಹದಲ್ಲೇ ಇರಬೇಕು, ಬಾಯಿಮಾತು ನಡೆಯದು. ಪೇಟೆಂಟ್ ಸಿಕ್ಕಮೇಲೆ ಮಾರಿದರೆ ಕೊಂಡವರು ಫಾರ್ಮ್ 16ರಲ್ಲಿ ನೋಂದಾಯಿಸಿಕೊಳ್ಳಬೇಕು. ಅರ್ಜಿ ಇನ್ನೂ ನಡೆಯುತ್ತಿರುವಾಗಲೇ ದೊಡ್ಡ ಕಂಪನಿ ಕೊಂಡರೆ, ವ್ಯಕ್ತಿಯ ಶುಲ್ಕಕ್ಕೂ ಕಂಪನಿಯ ಶುಲ್ಕಕ್ಕೂ ಇರುವ ವ್ಯತ್ಯಾಸ ಕಟ್ಟುವುದು ಅವರ ಪಾಲು. ಅದನ್ನು ನಿಮ್ಮ ಹಣದಲ್ಲಿ ಮುರಿದುಕೊಳ್ಳಲು ಬಿಡಬೇಡಿ.