ಬುಸ್ಸೆನ್ನುವ ಸೋಡಾ

ಸಿಂಕ್ ಕಟ್ಟಿಕೊಂಡಿತ್ತು. ಯಾರೋ ಹೇಳಿದ್ದು ನೆನಪಾಗಿ ಎರಡು ಚಮಚ ಅಡುಗೆ ಸೋಡಾ ಸುರಿದು, ಮೇಲೆ ಒಂದಿಷ್ಟು ವಿನೆಗರ್ ಹುಯ್ದೆ. ಬುಸ್ಸಂತ ನೊರೆ ಎದ್ದಿತು. ಒಳಗೆ ಏನೋ ಭಾರಿ ಕೆಲಸ ನಡೆಯುತ್ತಿದೆ ಅಂದುಕೊಂಡು ಸೊಂಟಕ್ಕೆ ಕೈಯಿಟ್ಟು ನಿಂತೆ. ನೊರೆ ಇಳಿಯಿತು. ನೀರು ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ರಬ್ಬರ್ ಪಂಪ್ ಹಿಡಿದು ನಾಲ್ಕು ಸಲ ಒತ್ತಿದ ಮೇಲೆ ಗೊಳಕ್ಕಂತ ಹೋಯಿತು.

ಅಷ್ಟೊಂದು ನೊರೆ ಎದ್ದು ಮಾಡಿದ್ದಾದರೂ ಏನು? ಸೋಡಾ ಕ್ಷಾರ, ವಿನೆಗರ್ ಆಮ್ಲ. ಬೇರೆ ಬೇರೆ ಇದ್ದಾಗ ಇಬ್ಬರೂ ಒಳ್ಳೆ ಕೆಲಸಗಾರರೇ. ಪಾತ್ರೆ ಉಜ್ಜಲು ಸೋಡಾ, ಕೆಟಲಿನ ತಳದಲ್ಲಿ ಕೂತ ಬಿಳಿ ಪದರಕ್ಕೆ ವಿನೆಗರ್. ಸೇರಿಸಿದರೆ ಒಬ್ಬರ ಶಕ್ತಿಯನ್ನು ಇನ್ನೊಬ್ಬರು ಮುಗಿಸುತ್ತಾರೆ. ಉಳಿಯುವುದು ನೀರು, ಅದರಲ್ಲಿ ಕರಗಿದ ಸೋಡಿಯಂ ಅಸಿಟೇಟ್ ಅನ್ನೋ ಉಪ್ಪು. ನೊರೆಯಾಗಿ ಹಾರಿಹೋಗುವುದು ಕಾರ್ಬನ್ ಡೈಆಕ್ಸೈಡ್.

ಅಳತೆಯಲ್ಲೂ ನಾನು ಎಡವಿದ್ದೆ. 84 ಗ್ರಾಂ ಸೋಡಾಕ್ಕೆ 60 ಗ್ರಾಂ ಅಸಿಟಿಕ್ ಆಮ್ಲ (ವಿನೆಗರಿನಲ್ಲಿರುವ ಆಮ್ಲ) ಬೇಕು. ಮನೆಯ ವಿನೆಗರಿನಲ್ಲಿ ಆಮ್ಲ ಇರುವುದು ಸುಮಾರು ಶೇಕಡಾ 5, ಮಿಕ್ಕಿದ್ದು ಹೆಚ್ಚುಕಮ್ಮಿ ನೀರೇ. ಹಾಗಾಗಿ ಒಂದು ಚಮಚ, ಅಂದರೆ 5 ಗ್ರಾಂ ಸೋಡಾದ ಶಕ್ತಿ ಪೂರ್ತಿ ಮುಗಿಯಬೇಕಾದರೆ ಸುಮಾರು 70 ಮಿಲಿಲೀಟರ್ ವಿನೆಗರ್ ಬೇಕು. ನಾನು ಹಾಕಿದ್ದು ಎರಡು ಚಮಚಕ್ಕೂ ಸೇರಿ ಅಷ್ಟೂ ಇರಲಿಲ್ಲ.

ಆದರೂ ಆಟಕ್ಕೆ ಇದರಷ್ಟು ಚಂದದ್ದು ಇನ್ನೊಂದಿಲ್ಲ. ಗಾಜಿನ ಲೋಟದಲ್ಲಿ ಬೆರೆಸಿ ಹೊರಗಿನಿಂದ ಮುಟ್ಟಿ ನೋಡಿ. ಕುದಿಯುವ ಹಾಗೆ ಕಾಣುತ್ತದೆ, ಕೈಗೆ ಮಾತ್ರ ತಣ್ಣಗೆ! ಈ ಕ್ರಿಯೆ ಸುತ್ತಲಿನ ಶಾಖವನ್ನೇ ಎಳೆದುಕೊಳ್ಳುತ್ತದೆ. (ಮುಚ್ಚಳ ಬಿಗಿದ ಬಾಟಲಿಯಲ್ಲಿ ಮಾತ್ರ ಬೇಡ. ಒಂದು ಚಮಚ ಸೋಡಾದಿಂದ ಲೀಟರಿಗೂ ಜಾಸ್ತಿ ಅನಿಲ ಬರುತ್ತದೆ, ಬಾಟಲಿ ಸಿಡಿಯಬಹುದು.)

ನನಗೆ ತುಂಬಾ ಇಷ್ಟ ಮೇಣದಬತ್ತಿಯ ಆಟ. ಎತ್ತರದ ಜಗ್ಗಿನಲ್ಲಿ ಎರಡನ್ನೂ ಬೆರೆಸಿ ನೊರೆ ಇಳಿಯಲು ಬಿಡಬೇಕು. ಈ ಅನಿಲ ಗಾಳಿಗಿಂತ ಭಾರ, ಜಗ್ಗಿನೊಳಗೇ ತುಂಬಿಕೊಂಡಿರುತ್ತದೆ. ಒಂದು ಹನಿ ನೀರೂ ಚೆಲ್ಲದಂತೆ ಜಗ್ಗನ್ನು ಉರಿಯ ಮೇಲೆ ನಿಧಾನಕ್ಕೆ ಬಗ್ಗಿಸಿದೆ. ಏನೂ ಬೀಳಲಿಲ್ಲ, ಕಣ್ಣಿಗೆ ಏನೂ ಕಾಣಲಿಲ್ಲ. ಉರಿ ಒಮ್ಮೆ ಬಳುಕಿ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಮೂರನೇ ಸಲ ಎಷ್ಟು ಬಗ್ಗಿಸಿದರೂ ಉರಿ ಜಗ್ಗಲಿಲ್ಲ. ಜಗ್ಗಿನಲ್ಲಿದ್ದದ್ದು ಖಾಲಿಯಾಗಿತ್ತು.