ಏಣಿ ಹತ್ತದ ದಿನಕ್ಕೂ ಏಣಿಯ ಕೂಲಿ

ಕೊಡಗಿನ ಸಿದ್ದಾಪುರದ ಕಡೆ ನಮ್ಮ ತೋಟದಲ್ಲಿ ರೋಬಸ್ಟಾ ಕಾಫಿ ಕೊಯ್ಲಿನ ಸಮಯಕ್ಕೆ ಗಂಡು ಹೆಣ್ಣು ಅನ್ನೋ ಲೆಕ್ಕ ಇರುವುದಿಲ್ಲ. ಸಂಜೆ ಚೀಲ ತೂಗಿ, ಕಿಲೋಗೆ ಇಷ್ಟು ಅಂತ ಎಲ್ಲರಿಗೂ ಒಂದೇ ರೇಟು. ಹೆಂಗಸರ ಕೈ ಚುರುಕು, ಎಷ್ಟೋ ದಿನ ಅವರ ಚೀಲವೇ ಜಾಸ್ತಿ ತೂಗುತ್ತದೆ. ಕೊಯ್ಲು ಮುಗಿದು ದಿನಗೂಲಿ ಶುರುವಾಯಿತು ಅನ್ನಿ, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಮತ್ತೆ ಎರಡು ರೇಟು. ಗಂಡಾಳಿಗೊಂದು, ಹೆಣ್ಣಾಳಿಗೊಂದು.

ಯಾಕೆ ಅಂತ ಕೇಳಿದರೆ ಉತ್ತರ ರೆಡಿ ಇರುತ್ತದೆ: "ಏಣಿ ಹತ್ತುವವರು ಯಾರು?" ಮಾತು ಸುಳ್ಳಲ್ಲ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಅದಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಯುವುದು, ಮರದ ಕೊಂಬೆ ಕಡಿದು ಕಪಾತು ಮಾಡುವುದು ಜೀವಕ್ಕೇ ಅಪಾಯದ ಕೆಲಸ. ಅದಕ್ಕೆ ಹೆಚ್ಚು ಕೊಡಲೇಬೇಕು. ಆದರೆ ಏಣಿ ಹತ್ತುವುದು ವರ್ಷದಲ್ಲಿ ಎಷ್ಟು ದಿನ? ಉಳಿದ ದಿನ ಅದೇ ಮನುಷ್ಯ ಪಕ್ಕದ ಸಾಲಿನಲ್ಲಿ ಹೆಂಗಸರ ಜೊತೆ ಕಳೆ ತೆಗೆಯುತ್ತಾನೆ, ಚಿಗುರು ತೆಗೆಯುತ್ತಾನೆ. ಅವತ್ತೂ ಅವನಿಗೆ ಏಣಿಯ ಕೂಲಿಯೇ. ಗೊಬ್ಬರದ ಬುಟ್ಟಿ ತಲೆ ಮೇಲೆ ಹೊತ್ತು ಏರು ಹತ್ತುವ ಹೆಂಗಸಿನದು ಮಾತ್ರ ಯಾವಾಗಲೂ "ಹಗುರ ಕೆಲಸ"!

ನಾನಿರುವ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲೂ ಹೆಚ್ಚು ಕಡಿಮೆ ಇದೇ ಕಥೆ ನಡೆದಿತ್ತು. ನಗರಪಾಲಿಕೆಯಲ್ಲಿ ಕಸ ಎತ್ತುವವರು, ಗುಂಡಿ ತೋಡುವವರು ಬಹುಪಾಲು ಗಂಡಸರು, ಅವರಿಗೆ ಬೋನಸ್ ಸಿಗುತ್ತಿತ್ತು. ಅದೇ ದರ್ಜೆಯ ಅಡುಗೆ, ಶುಚಿ, ಆರೈಕೆ ಕೆಲಸದ ಹೆಂಗಸರಿಗೆ ಇಲ್ಲ. ಹೆಂಗಸರು ಕೇಸು ಹಾಕಿದರು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೆಲಸ ಬಿಟ್ಟುಹೋದವರೂ ಕೇಸು ಹಾಕಬಹುದು ಅಂದಿತು. 2023ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ದುಡ್ಡಿಲ್ಲ ಅಂತ ಕೈಯೆತ್ತಿ, ಕಡ್ಡಾಯ ಸೇವೆ ಬಿಟ್ಟು ಹೊಸ ಖರ್ಚು ನಿಲ್ಲಿಸಿತು. ಹೆಂಗಸರಿಗೆ ಕೊಡಬೇಕಾದ ಈ ಬಾಕಿ 76 ಕೋಟಿ ಪೌಂಡ್‌ವರೆಗೆ ಹೋಗಬಹುದು ಅಂತ ಆಗ ಪಾಲಿಕೆಯೇ ಅಂದಾಜು ಹಾಕಿತ್ತು. ಪಾಲಿಕೆ ಕೈಯೆತ್ತಿದ್ದಕ್ಕೆ ಬೇರೆ ಕಾರಣಗಳೂ ಇದ್ದವು ಅನ್ನಿ.

ಹಾಗಂತ ಅಲ್ಲಿ ಕಾನೂನು ಇದೆ, ನಮ್ಮಲ್ಲಿ ಇಲ್ಲ ಅಂತಲ್ಲ. ಬ್ರಿಟನ್ನಿನ ಸಮಾನ ವೇತನ ಕಾಯ್ದೆ ಜಾರಿಗೆ ಬಂದದ್ದು 1975ರ ಕೊನೆಗೆ. ನಮ್ಮ ಕಾಯ್ದೆ 1976ರದ್ದು. ಈಗ ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ವಯಸ್ಸಲ್ಲಿ ಎರಡೂ ಓರಗೆಯವೇ. ವ್ಯತ್ಯಾಸ ಇರುವುದು ಕೇಳುವವರಲ್ಲಿ. ಅಲ್ಲಿ 250 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಗಂಡು ಹೆಣ್ಣಿನ ಸಂಬಳದ ಅಂತರವನ್ನು ವರ್ಷ ವರ್ಷ ಬಹಿರಂಗ ಮಾಡಬೇಕು, 2017ರಿಂದ ಇದು ಕಡ್ಡಾಯ. ಕೆಲಸಗಾರರ ಬೆನ್ನಿಗೆ ಯೂನಿಯನ್ ಇರುತ್ತದೆ. ತೋಟದೊಳಗೆ ಆಳುಗಳಿಗೆ ಕಟ್ಟಿಸಿದ ನಮ್ಮ ಲೈನ್ ಮನೆಯಲ್ಲಿರುವ ಹೆಂಗಸು ಯಾರನ್ನು ಕೇಳಬೇಕು? ಕೂಲಿ ಕೊಡುವವರೂ ಮಾಲೀಕರೇ, ತಲೆ ಮೇಲಿನ ಸೂರೂ ಅವರದೇ. ಮಗಳ ಮದುವೆಗೆ ತಗೊಂಡ ಮುಂಗಡ ಬೇರೆ ಇರುತ್ತದೆ. ಬಾಯಿ ಬಿಟ್ಟರೆ ಕೆಲಸದ ಜೊತೆ ಮನೆಯೂ ಹೋಗುತ್ತದೆ, ಅಲ್ವಾ?

ಅದಕ್ಕೇ ಇದು ಮಾಲೀಕರ ಕಡೆಯಿಂದಲೇ ಆಗಬೇಕು ಅನ್ನೋದು ನನ್ನ ಅನಿಸಿಕೆ. ರೇಟು ಆಳಿಗಲ್ಲ, ಕೆಲಸಕ್ಕೆ ಬರೆಯಿರಿ. ಏಣಿಗೆ ಇಷ್ಟು, ಔಷಧಿ ಹೊಡೆಯಲು ಇಷ್ಟು, ಕಳೆಗೆ ಯಾರೇ ಬರಲಿ ಇಷ್ಟು. "ಗಂಡಾಳು ಸಿಗೋದೇ ಇಲ್ಲ, ಇನ್ನು ಅವರ ಕೂಲಿ ಇಳಿಸಿದ್ರೆ ಮುಗೀತು" ಅಂತ ಚಿಕ್ಕಪ್ಪ ಗದರುತ್ತಾರೆ. ಇಳಿಸಿ ಅಂತ ಯಾರು ಹೇಳಿದರು? ಹೆಂಗಸರದ್ದು ಏರಿಸಿ. ರೋಬಸ್ಟಾಕ್ಕೆ ಈಚಿನ ವರ್ಷಗಳಲ್ಲಿ ಹಿಂದೆಂದೂ ಕಾಣದ ಬೆಲೆ ಬಂತು. ಆಗಲೂ ಆಗದ್ದು ಬೆಲೆ ಬಿದ್ದ ಮೇಲೆ ಆಗುತ್ತಾ, ಚಿಕ್ಕಪ್ಪ?