ಕಚೇರಿಯ ಕಂಪ್ಯೂಟರ್: ನೌಕರರು ತಾವಾಗಿಯೇ ಕಲಿಯಬೇಕೇ?

ಪರ

ಈ ಪಕ್ಷ ನನ್ನ ಪಾಲಿಗೆ ಬಂದಿದೆ. ಮುಕ್ಕಾಲು ಪಾಲು ಒಪ್ಪಿಯೇ ಬರೆಯುತ್ತಿದ್ದೇನೆ. ತಂತ್ರಾಂಶ ಪದೇ ಪದೇ ಬದಲಾಗುತ್ತದೆ. ಎರಡು ದಿನದ ತರಬೇತಿಯಲ್ಲಿ ಕಲಿತದ್ದು ಮುಂದಿನ ಮಳೆಗಾಲಕ್ಕೆ ಹಳತು. ಕಲಿಸುವವರು ಬರಲಿ ಎಂದು ಕಾಯುತ್ತಾ ಕುಳಿತರೆ ಕೆಲಸ ಸಾಗದು. 2020ರ ಜೂನ್ 1ರಂದು ಕೇರಳದಲ್ಲಿ ಪಾಠಗಳು ಟಿ.ವಿ.ಯಲ್ಲಿ ಆರಂಭವಾದವು. ಆ ದಿನಗಳಲ್ಲಿ ಕಾಸರಗೋಡಿನ ನಾವು ಕೆಲವು ಕನ್ನಡ ಅಧ್ಯಾಪಕರು ಮೊಬೈಲನ್ನು ಪುಸ್ತಕದ ರಾಶಿಗೆ ಒರಗಿಸಿ ಪಾಠ ಚಿತ್ರೀಕರಿಸಿದೆವು. ದನಿ ಸೇರಿಸುವುದನ್ನು ರಾತ್ರಿ ಕುಳಿತು ಕಲಿತೆವು. ತಡಕಾಡಿ ಕಲಿತದ್ದು ಇಂದಿಗೂ ಮರೆತಿಲ್ಲ. 2025ರ ಆಗಸ್ಟ್‌ನಲ್ಲಿ ಕೇರಳವನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಲಾಯಿತು. ಅಜ್ಜಿಯಂದಿರೇ ಕಲಿತ ಮೇಲೆ ಸಂಬಳ ಪಡೆಯುವ ನಾವು ಹಿಂಜರಿಯಬಾರದು. ಹೊಸಬರ ಜೊತೆ ಮೊದಲ ವಾರ ಯಾರಾದರೂ ಇರಬೇಕು ಎಂಬುದನ್ನು ಮಾತ್ರ ನಾನೂ ಒಪ್ಪುತ್ತೇನೆ.

ವಿರೋಧ

ಆ ಅಜ್ಜಿಯಂದಿರು ತಾವಾಗಿ ಕಲಿಯಲಿಲ್ಲ! ಸ್ವಯಂಸೇವಕರು ಮನೆ ಬಾಗಿಲಿಗೆ ಹೋಗಿ, ಪಕ್ಕದಲ್ಲಿ ಕುಳಿತು ಕಲಿಸಿದರು. ನೌಕರರಿಗೂ ಅದೇ ಬೇಕು: ಕೆಲಸದ ವೇಳೆಯಲ್ಲೇ ಕಲಿಸಬೇಕು, ಕನ್ನಡದಲ್ಲಿ ಕಲಿಸಬೇಕು. ತಂತ್ರಾಂಶ ವರ್ಷಕ್ಕೊಮ್ಮೆ ಬದಲಾದರೆ ವರ್ಷಕ್ಕೊಮ್ಮೆ ಕಲಿಸಲಿ.

ನಾನು ಮಂಜೇಶ್ವರ ತಾಲೂಕಿನ ಸಹಕಾರಿ ಸಂಘವೊಂದರಲ್ಲಿ ಕ್ಲಾರ್ಕ್. ಹೊಸ ತಂತ್ರಾಂಶದ ಜೊತೆ ನಮ್ಮ ಕೈಗೆ ಬಂದದ್ದು ಮಲಯಾಳದ ಕೈಪಿಡಿ. ನಮ್ಮಲ್ಲಿ ಹಲವರಿಗೆ ಮಲಯಾಳದ ಮಾತು ಬರುತ್ತದೆ, ಅಕ್ಷರ ಬಾರದು. ಪಕ್ಕದ ಮೇಜಿನ ಅಕ್ಕನಿಗೆ ನಿವೃತ್ತಿಗೆ ಮೂರೇ ವರ್ಷ. ಅವರು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡರು: ‘ಎಡಮೂಲೆ ಒತ್ತುವುದು. ಹಸಿರು ಬಂದರೆ ಸರಿ. ಕೆಂಪಾದರೆ ಮುಟ್ಟಬಾರದು.’ ಒಂದು ಮಧ್ಯಾಹ್ನ, ಅಡಿಕೆ ಮಾರಿ ಬಂದ ಕೃಷಿಕರ ಸಾಲು ಬಾಗಿಲಿನವರೆಗೆ ನಿಂತಿತ್ತು. ಆ ಗಡಿಬಿಡಿಯಲ್ಲಿ ಒಬ್ಬರ ಸಾಲದ ಕಂತು ಇನ್ನೊಬ್ಬರ ಖಾತೆಗೆ ಹೋಯಿತು. ಸರಿಪಡಿಸುವ ದಾರಿ ಕೈಪಿಡಿಯಲ್ಲಿತ್ತು, ಅಕ್ಕನ ಪುಸ್ತಕದಲ್ಲಿರಲಿಲ್ಲ. ಮರುದಿನ ಮೆಮೋ ಬಂತು: ಕಲಿಯುವ ಆಸಕ್ತಿಯಿಲ್ಲ ಎಂದು. ಅದನ್ನು ಓದುವಾಗ ಅವರ ಕೈ ನಡುಗುತ್ತಿದ್ದುದನ್ನು ನಾನು ನೋಡಿದ್ದೇನೆ.

ರಾತ್ರಿ ಕಲಿಯಬಹುದಂತೆ. ಅಕ್ಕ ಬಸ್ಸಿಳಿದು ಮನೆ ಮುಟ್ಟುವಾಗ ಏಳು ಗಂಟೆ. ಆಮೇಲೆ ಹಾಲು ಕರೆಯಬೇಕು, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಬೇಕು.

ಇಲ್ಲಿನ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಅರ್ಜಿಗೆ ಸಲ್ಲುವ ಭಾಷೆ ಕೈಪಿಡಿಗೆ ಏಕೆ ಸಲ್ಲಬಾರದು?

ಕೊನೆಗೆ ಬೇರೆ ಶಾಖೆಯ ಹುಡುಗನೊಬ್ಬ ಬಂದು ಅಕ್ಕನ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತ, ಕನ್ನಡದಲ್ಲಿ ಹೇಳಿಕೊಟ್ಟ. ಇಪ್ಪತ್ತೇ ನಿಮಿಷ. ಈಗ ಕೆಂಪು ಬಂದರೆ ನಾವೆಲ್ಲ ಅಕ್ಕನನ್ನೇ ಕರೆಯುತ್ತೇವೆ.